ಸೂರಿನಡಿಯ ಕಟ್ಟಿಗೆ

ನೀಲಕಂಠಪ್ಪನವರು ಕೆಟ್ಟ ಮನುಷ್ಯರಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಕೆಟ್ಟವರ ಕಥೆಯಾದರೆ ಎರಡು ಬೈದು ಮುಗಿಸಬಹುದಿತ್ತು. ಇವರನ್ನು ಬೈಯಲು ಹೋದರೆ ನನಗೇ ಬಾಯಿ ಬರುವುದಿಲ್ಲ, ಸುಮ್ಮನೆ ಬಿಡೋಣವೆಂದರೆ ಹೊಟ್ಟೆ ಉರಿಯುತ್ತದೆ.

ಅವರ ಅರಳೆ ಅಂಗಡಿ ಇದ್ದದ್ದು ಹುಬ್ಬಳ್ಳಿಯಲ್ಲಿ, ಮನೆ ಧಾರವಾಡದ ಸಪ್ತಾಪುರದಲ್ಲಿ. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಡ್ರಮ್ಮು ಕಟ್ಟಿಕೊಂಡು ಕೆಮ್ಮುತ್ತ ಓಡಾಡುತ್ತಿದ್ದವು. ದಿನಾ ಬೆಳಗ್ಗೆ ಆ ಬಸ್ಸು ಹತ್ತಿ ಅಂಗಡಿಗೆ ಹೋಗುವುದು, ಸಂಜೆ ಅದರಲ್ಲೇ ಮರಳುವುದು, ದಾರಿಯುದ್ದಕ್ಕೂ ಪಕ್ಕದಲ್ಲಿ ಕೂತವನಿಗೆ ಅಡವಿ ಉಳಿಸುವ ಬಗ್ಗೆ ಉಪದೇಶ ಮಾಡುವುದು ಅವರ ಪದ್ಧತಿ. ಹಿಂದಿನ ಡ್ರಮ್ಮಿನಲ್ಲಿ ಉರಿಯುತ್ತಿದ್ದದ್ದು ಯಾವ ಅಡವಿ ಎಂದು ಅವರು ಒಮ್ಮೆಯೂ ಹೊರಳಿ ನೋಡಿದ್ದಿಲ್ಲ.

ಆದರೆ ಒಂದು ಅಡವಿಯನ್ನಂತೂ ಅವರು ಖರೆಯಾಗಿಯೂ ಉಳಿಸಿದ್ದರು. ಧಾರವಾಡದ ಪಡುವಣಕ್ಕೆ ಬೆಣಚಿಕೊಪ್ಪ ಎಂಬ ಸಣ್ಣ ಹಳ್ಳಿ, ಅದರ ನೆತ್ತಿಯ ಮೇಲೆ ಕರೆಮ್ಮನ ಗುಡ್ಡ. ಗುಡ್ಡದ ತುಂಬ ಮತ್ತಿ, ದಿಂಡಲ, ನೇರಲ, ನಡುನಡುವೆ ಪತ್ರಿಗಿಡಗಳು. ಪೂಜೆಯ ಪತ್ರಿಗೆಂದು ನೀಲಕಂಠಪ್ಪನವರ ತಾಯಿ ಅಲ್ಲಿಗೇ ಹೋಗುತ್ತಿದ್ದರಂತೆ. ಯುದ್ಧಕ್ಕೆ ಕೆಲವು ವರ್ಷ ಮೊದಲು ಗುಡ್ಡದ ಒಡೆಯ ಪುಣೆಗೆ ಹೋಗಿ ನೆಲೆಸಿ, ಅದನ್ನು ಮಾರಲು ಹೊರಟಾಗ ಇದ್ದಿಲು ಕಂತ್ರಾಟದಾರ ಉಡಚಪ್ಪ ಕೊಳ್ಳಲು ಓಡಿಬಂದ. ಅವನಿಗಿಂತ ಮೊದಲು ನೀಲಕಂಠಪ್ಪನವರು ನಾಲ್ವರನ್ನು ಜೊತೆಗೆ ಕಟ್ಟಿಕೊಂಡು ಕೊಂಡುಬಿಟ್ಟರು.

ಕೊಂಡದ್ದು ದೊಡ್ಡ ಮಾತಲ್ಲ. ಕೊಂಡ ಮೇಲೆ ಮಾಡಿದ್ದು ಪೇಟೆಯವರನ್ನೆಲ್ಲ ಬೆಕ್ಕಸ ಬೆರಗು ಮಾಡಿತು. ಗುಡ್ಡವನ್ನು ಯಾರ ಹೆಸರಿಗೂ ಇಟ್ಟುಕೊಳ್ಳದೆ ಒಂದು ದತ್ತಿ ಮಾಡಿ, ಐವರೂ ಅದರ ಪಂಚರಾದರು. ಗುಡ್ಡವನ್ನು ಮಾರುವ ಹಕ್ಕು ಪಂಚರಿಗಿಲ್ಲ, ಅದರಿಂದ ಬಿಡಿಗಾಸು ಲಾಭ ತೆಗೆದುಕೊಳ್ಳುವ ಹಕ್ಕೂ ಇಲ್ಲ, ಅವರ ಮಕ್ಕಳಿಗೆ ಅದು ಆಸ್ತಿಯಾಗಿ ಬರುವುದಿಲ್ಲ. ಕಾಯುವ ಹಕ್ಕು ಮಾತ್ರ. "ಸಾವಕಾರಗ ತಲಿ ಕೆಟ್ಟೈತಿ" ಎಂದು ಅರಳೆ ಪೇಟೆಯಲ್ಲಿ ನಕ್ಕವರೇ ಹೆಚ್ಚು.

ದತ್ತಿಯ ಕಾಗದ ಬರೆದವರು ಗುರುಸಿದ್ದಯ್ಯ. ಸಾಲಿ ಮಾಸ್ತರಿಕೆ ಮಾಡಿ ನಿವೃತ್ತರಾದ ಜಂಗಮರು, ಅಲ್ಪವಿರಾಮ ತಪ್ಪಿದರೂ ಮುಖ ಸಿಂಡರಿಸುವವರು. ಇನ್ನೊಬ್ಬರು ಹುಣಸೆ ವ್ಯಾಪಾರದ ಶರೀಫಸಾಬ. ಉಳಿದ ಇಬ್ಬರು ನೀಲಕಂಠಪ್ಪನವರ ಹಾಗೆಯೇ ಅರಳೆ ವ್ಯಾಪಾರದ ಲಿಂಗಾಯತರು. ಐವರೂ ನೀಲಕಂಠಪ್ಪನವರ ಪಡಸಾಲೆಯಲ್ಲಿ ಕೂತು, ದಾನವ್ವ ಕೊಟ್ಟ ಚಹಾ ಕುಡಿಯುತ್ತ ನಿಯಮ ಮಾಡಿದರು. ಕೊಡಲಿ ಒಳಗೆ ಹೋಗಬಾರದು. ಕಟ್ಟಿಗೆ ಹೊರಗೆ ಬರಬಾರದು. ಒಲೆಗೆ ಬೇಕಾದರೆ ಬರಿಗೈಯಿಂದ ಮುರಿಯುವಂಥ ಪುಳ್ಳೆ ಆರಿಸಿಕೊಳ್ಳಬಹುದು, ಅಷ್ಟೇ. ನಿಯಮ ಬದಲಿಸಬೇಕಾದರೆ ಐವರೂ ಒಪ್ಪಬೇಕು.

ಇದನ್ನು ಬೆಣಚಿಕೊಪ್ಪದವರಿಗೆ ಹೇಳಲು ಹೋದಾಗ ಗಂಡಸರು ಗೊಣಗಿದರು. ಅಜ್ಜನ ಕಾಲದಿಂದ ಹತ್ತಿಳಿದ ಗುಡ್ಡಕ್ಕೆ ಪೇಟೆಯವರು ಬಂದು ಬೀಗ ಹಾಕಿದರೆ ಯಾರು ತಾನೇ ಸುಮ್ಮನಿದ್ದಾರು? ಆಗ ಎದ್ದು ನಿಂತವಳು ಸತ್ಯವ್ವ, ಹೊಳೆಯಪ್ಪ ಎಂಬ ರೈತನ ಹೆಂಡತಿ. ಮನೆಗೆ ಹೋಗಿ ತನ್ನ ಕೊಡಲಿ ತಂದು ಗುಡ್ಡದ ಬುಡದ ಕರೆಮ್ಮನ ಕಲ್ಲಿನ ಮುಂದೆ ಇಟ್ಟಳು.

"ಅಡವಿ ಇದ್ರ ಹಳ್ಳದಾಗ ನೀರು," ಎಂದಳು ಗಂಡಸರಿಗೆ. "ಆ ಉಡಚಪ್ಪಗ ಹೋಗಿದ್ರ ಬರೇ ಬೂದಿ ಉಳೀತಿತ್ತು. ಕರೆಮ್ಮನ ಆಣಿ, ನಮ್ಮ ಮನ್ಯಾಗಿನವರು ಯಾರೂ ಗುಡ್ಡಕ್ಕ ಕೊಡಲಿ ಒಯ್ಯೂದಿಲ್ಲ. ನೀವೂ ತಂದ ಇಡ್ರಿ."

ಒಬ್ಬೊಬ್ಬರಾಗಿ ತಂದಿಟ್ಟರು. ನೀಲಕಂಠಪ್ಪನವರಿಗೆ ಕಣ್ಣು ತುಂಬಿ ಬಂತು. ಆ ದಿನ ಅವರು ನಿಜವಾಗಿ ಸಂತೋಷದಲ್ಲಿದ್ದರು, ಸಂತೋಷದಲ್ಲಿದ್ದವರು ಮಾಡುವ ತಪ್ಪನ್ನು ಅವತ್ತೇ ಮಾಡಿದರು.

ಹಳ್ಳಿಯಲ್ಲಿ ಒಂದು ಸುತ್ತು ಹಾಕುವಾಗ ಕೆಲವು ಮನೆಗಳ ಸೂರಿನ ಕೆಳಗೆ ದಪ್ಪ ದಪ್ಪ ಕಟ್ಟಿಗೆ ಕಂಡಿತು. ಮತ್ತಿಯ ಒಣ ಬೊಡ್ಡೆಗಳನ್ನು ಸೀಳಿ, ಮಳೆ ತಾಗದಂತೆ ಒತ್ತಾಗಿ ಒಟ್ಟಿದ್ದರು. ಎಲ್ಲ ಮನೆಗಳಲ್ಲೂ ಇರಲಿಲ್ಲ. ಸತ್ಯವ್ವನ ಮನೆಯಲ್ಲಿತ್ತು.

"ಸತ್ಯವ್ವಾ, ಇಷ್ಟು ದಪ್ಪ ಕಟಗಿ ಒಲಿಯಾಗ ಹಿಡಿಯೂದಿಲ್ಲ. ಯಾಕ ಇಟ್ಟೀರಿ?" ಎಂದು ಕೇಳಿದರು.

ಸತ್ಯವ್ವ ಗಂಡನ ಮುಖ ನೋಡಿದಳು. ಹೊಳೆಯಪ್ಪ ನೆಲ ನೋಡಿದ. ಅವಳು ಸಣ್ಣಗೆ ನಕ್ಕು, "ಇರಲಿ ಬಿಡ್ರಿ ಯಪ್ಪಾ. ಯಾವಾಗರೆ ಬೇಕಾಗತೈತಿ," ಎಂದಳು.

ವ್ಯಾಪಾರಿಯ ಕಿವಿಗೆ 'ಯಾವಾಗಾದರೂ ಬೇಕಾಗುತ್ತದೆ' ಎಂದರೆ ದರ ಏರಿದಾಗ ಮಾರುವುದಕ್ಕೆ ಎಂದೇ ಕೇಳಿಸುತ್ತದೆ. ಉಡಚಪ್ಪನ ಗಾಡಿ ಬಂದರೆ ಇವರು ಕೊಡದೆ ಇರುತ್ತಾರೆಯೇ ಎಂದು ನೀಲಕಂಠಪ್ಪನವರ ತಲೆಗೆ ಹೊಕ್ಕಿತು. ಗುಡ್ಡದಿಂದ ಬಂದದ್ದು ಗುಡ್ಡಕ್ಕೇ ಹೋಗಬೇಕು, ಇವತ್ತಿನಿಂದ ನಿಯಮವೆಂದರೆ ನಿಯಮ ಎಂದರು. ಸತ್ಯವ್ವನೇ ಸೂರಿನ ಮುಂದಿನಿಂದ ಸರಿದು ನಿಂತು, "ಆತ್ರಿ, ಮಾತು ಕೊಟ್ಟೇವಿ. ಒಯ್ರಿ," ಎಂದಳು. ನೀಲಕಂಠಪ್ಪನವರು ಗಾಡಿ ತರಿಸಿ, ಸೂರುಸೂರಿನ ಕಟ್ಟಿಗೆಯನ್ನೂ ಹೇರಿಸಿ, ಗುಡ್ಡದೊಳಗೆ ಒಯ್ದು ಮಳೆಬಿಸಿಲಿಗೆ ಚೆಲ್ಲಿಸಿದರು. ಮಣ್ಣಿಗೆ ಗೊಬ್ಬರವಾಗುತ್ತದೆ ಎಂದು ಮುಂದಿನ ಎಷ್ಟೋ ದಿನ ಬಸ್ಸಿನಲ್ಲಿ ಹೇಳಿಕೊಂಡು ಓಡಾಡಿದರು.

ವರುಷಗಳು ಕಳೆದವು. ಗುಡ್ಡ ದಟ್ಟವಾಯಿತು, ಬೇಸಿಗೆಯಲ್ಲೂ ಹಳ್ಳ ಹರಿಯಿತು. ಯುದ್ಧ ಬಂದು ಇದ್ದಿಲಿಗೆ ಚಿನ್ನದ ಬೆಲೆ ಬಂದಾಗ ಸುತ್ತಲಿನ ಎಷ್ಟೋ ಖಾಸಗಿ ಗುಡ್ಡಗಳು ಬೋಳಾದವು, ಕರೆಮ್ಮನ ಗುಡ್ಡ ಉಳಿಯಿತು. ಉಡಚಪ್ಪನ ಆಳುಗಳು ಕೊಡಲಿ ಹಿಡಿದು ಬಂದ ದಿನ ಸತ್ಯವ್ವ ಹೆಂಗಸರನ್ನು ಕಟ್ಟಿಕೊಂಡು ದಾರಿಗೆ ಅಡ್ಡ ಕೂತು, ಅವರ ತಲತಲಾಂತರದವರನ್ನೆಲ್ಲ ಹೆಸರಿಟ್ಟು ಕರೆದು ಹಿಂದಕ್ಕಟ್ಟಿದಳು. ಹಾಗೆ ನೋಡಿದರೆ ದತ್ತಿಯನ್ನು ಕಾಯ್ದದ್ದು ಪಂಚರ ಕಾಗದವಲ್ಲ, ಅವಳ ಬಾಯಿ.

ಯುದ್ಧ ಇನ್ನೂ ನಡೆದಿರುವಾಗಲೇ ಒಂದು ವರ್ಷ ಆಷಾಢದ ಮಳೆ ಜಡಿ ಹಿಡಿದಿತ್ತು. ನೀಲಕಂಠಪ್ಪನವರು ಪೂಜೆ ಮುಗಿಸಿ ಪಡಸಾಲೆಗೆ ಬಂದರೆ ಅಂಗಳದಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡು ಯಮನಪ್ಪ ನಿಂತಿದ್ದ. ಸತ್ಯವ್ವನ ಮಗ. ಮೊಳಕಾಲ ತನಕ ಕೆಸರು. ಒಳಗೆ ಬಾ ಎಂದರೆ ಬರಲಿಲ್ಲ.

"ಸೂತಕ ಐತ್ರಿ," ಎಂದ. "ಬೆಳಕ ಹರಿಯೂದರಾಗ ಅವ್ವ ಹೋದ್ಲು."

ನೀಲಕಂಠಪ್ಪನವರು ಅಲ್ಲೇ ಕಂಬ ಹಿಡಿದು ನಿಂತರು. ಅಯ್ಯೋ ಶಿವನೇ, ಎಂಥ ಹೆಣ್ಣುಮಗಳು ಎಂದರು. ಆ ಮಾತು ಬಾಯಿಮಾತಿನದಲ್ಲ, ಅವರಿಗೆ ನಿಜವಾಗಿ ದುಃಖವಾಗಿತ್ತು.

"ಕಟಗಿ ಇಲ್ರಿ," ಎಂದ ಯಮನಪ್ಪ. ಬೆಣಚಿಕೊಪ್ಪದವರು ಸತ್ತವರನ್ನು ಸುಡುವ ಜನ. ಸುಟ್ಟು, ಮೂರನೆಯ ದಿನ ಬೂದಿಯನ್ನು ಹೊಳೆಗೆ ಬಿಟ್ಟರೇ ಅವರಿಗೆ ಹೋದವರು ಹೋದಂತೆ.

"ಇಲ್ಲೆ ಪ್ಯಾಟಿ ಕಟಗಿ ಅಡ್ಡ್ಯಾಗ ಸಿಗೂದಿಲ್ಲೇನು?"

"ಕೇಳೇ ಬಂದೇನ್ರಿ. ಇಷ್ಟ ವರ್ಷ ಸತ್ತವರಿಗೆಲ್ಲಾ ಅಲ್ಲೇ ಕೊಂಡ ಒಯ್ಯತಿದ್ವಿ. ಒಣಾದೆಲ್ಲಾ ರೈಲಿಗಂತ ಎತ್ಯಾರ, ಉಳದದ್ದು ಹಸಿ. ಕೊಟ್ರೂ ಒಯ್ಯಾಕ ಬರೂದಿಲ್ಲ, ಹಳ್ಳ ತುಂಬೈತಿ, ಗಾಡಿ ದಾಟೂದಿಲ್ಲ. ನಾನ ಹಗ್ಗಾ ಹಿಡಕೊಂಡು ದಾಟಿ ಬಂದೇನಿ." ಯಮನಪ್ಪ ಮುಖದ ನೀರು ಒರೆಸಿಕೊಂಡ. "ಗುಡ್ಡದಾಗ ಹೋದವರ್ಷ ಗಾಳಿಗೆ ಬಿದ್ದ ಮತ್ತಿ ಗಿಡ ಐತಲ್ರಿ. ಮ್ಯಾಲ ತೊಯ್ದ್ರೂ ಒಳಗ ಒಣಗೇತಿ. ಅದೊಂದು ಕೊಡ್ರಿ. ನಿಂತ ಗಿಡಾ ಮುಟ್ಟೂದಿಲ್ಲ."

ನೀಲಕಂಠಪ್ಪನವರು ಕೂತರು. ಬೇರೆ ಯಾವ ವಾರವಾಗಿದ್ದರೂ ಕೊಡುತ್ತಿದ್ದರೇನೋ, ನನಗೆ ಗೊತ್ತಿಲ್ಲ. ಆ ವಾರ ಮಾತ್ರ ಅವರ ಜೀವ ಮುಷ್ಟಿಯಲ್ಲಿತ್ತು. ಬಿದ್ದ ಮರಗಳೆಲ್ಲ ಸುಮ್ಮನೆ ಕೊಳೆಯುತ್ತಿವೆ, ಯುದ್ಧದ ಕೆಲಸಕ್ಕೆ ಇದ್ದಿಲು ಬೇಕು, ಗುಡ್ಡವನ್ನು ಬಿಡಿಸಿಕೊಡಿ ಎಂದು ಉಡಚಪ್ಪ ಸರಕಾರಕ್ಕೆ ಅರ್ಜಿ ಹಾಕಿದ್ದ. ನೋಡಿ ಬರಲು ಒಬ್ಬ ಸಾಹೇಬ ಸದ್ಯದಲ್ಲೇ ಬರುವವನಿದ್ದ. ಗುಡ್ಡದಲ್ಲಿ ಒಂದು ಹೊಸ ಕೊಡಲಿ ಗುರುತು ಕಂಡರೂ ಸಾಕು, ದತ್ತಿಯವರೇ ಕಡಿಯುತ್ತಾರೆ, ಮತ್ತೆ ನಾವೇನು ಪಾಪ ಮಾಡಿದ್ದೇವೆ ಎಂದು ಉಡಚಪ್ಪ ಕುಣಿಯುತ್ತಿದ್ದ. ಇದನ್ನೆಲ್ಲ ಅವರು ಯಮನಪ್ಪನಿಗೆ ಬಿಡಿಸಿ ಹೇಳಿದರು. ತಾಯಿಯ ಹೆಣ ಮನೆಯಲ್ಲಿಟ್ಟು ಬಂದವನು ತಾಳ್ಮೆಯಿಂದ ಕೇಳಿದ.

"ಕೇಳದ ಕಡದಿದ್ರ ಯಾರಿಗೂ ತಿಳೀತಿರಲಿಲ್ರಿ," ಎಂದ. "ಆದ್ರ ಅವ್ವ ಆಣಿ ಮಾಡ್ಯಾಳ. ಕಳುವಿನ ಕಟಗಿ ಮ್ಯಾಲ ಆಕಿನ್ನ ಹ್ಯಾಂಗ ಮಲಗಸ್ಲಿ? ಅದಕ್ಕ ಕೇಳಾಕ ಬಂದೇನಿ."

ಆಗ ನೀಲಕಂಠಪ್ಪನವರಿಗೆ ಒಂದು ದಾರಿ ಹೊಳೆಯಿತು. ಹೊಳೆದದ್ದೇ ಅವರ ಮುಖ ಅರಳಿತು. "ಯಮನಪ್ಪಾ, ಮಣ್ಣು ಕೊಡು," ಎಂದರು. "ನಾವೆಲ್ಲಾ ಮಣ್ಣ ಕೊಡೂದು. ಮಣ್ಣಿಗಿಂತ ತಂಪಂದ್ರ ಏನೈತಿ? ನಮ್ಮ ಹೊಲದಾಗ ಛಲೋ ಜಾಗಾ ಕೊಡ್ತೇನಿ. ಮ್ಯಾಲ ಕಟ್ಟಿ ಕಟ್ಟಿಸ್ತೇನಿ, ವರ್ಷಾ ದೀಪಾ ಹಚ್ಚಸ್ತೇನಿ. ಅಂಥಾಕಿಗೆ ಅಷ್ಟು ಮಾಡದಿದ್ರ ಹ್ಯಾಂಗ?"

ಅವರು ಔದಾರ್ಯದಿಂದಲೇ ಹೇಳಿದರು. ಅವರಿಗೆ ಗೊತ್ತಿದ್ದ ಅತ್ಯಂತ ದೊಡ್ಡ ಮರ್ಯಾದೆ ಅದು. ಯಮನಪ್ಪ ಅವರ ಮುಖ ನೋಡಿದ.

"ಆತ್ರಿ," ಎಂದು ಕೊಪ್ಪೆ ಎಳೆದುಕೊಂಡು ಮಳೆಯಲ್ಲಿ ನಡೆದುಬಿಟ್ಟ.

ದಾನವ್ವ ನಡುಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಗಂಡ ಮಾಡುವ ಧರ್ಮಕಾರ್ಯಗಳಿಗೆಲ್ಲ ಚಹಾ ಕಾಸಿ ಕಾಸಿ ಸವೆದ ಹೆಣ್ಣು. ಮಾತು ಕಡಿಮೆ, ಆಡಿದರೆ ನೆಟ್ಟಗೆ ಹೋಗಿ ಚುಚ್ಚುತ್ತಿತ್ತು.

"ಆ ಕಾಗದಾ ಬರೆಯೂ ಮುಂದ ಐದು ಮಂದಿ ಕುಂತಿದ್ರೆಲ್ಲ," ಎಂದಳು. "ಅದರಾಗ ಸುಡೋರು ಯಾರಿದ್ರಿ?"

ನೀಲಕಂಠಪ್ಪನವರು ಮನಸ್ಸಿನಲ್ಲೇ ಐವರನ್ನೂ ಕೂಡ್ರಿಸಿ ನೋಡಿದರು. ಮೂವರು ಲಿಂಗಾಯತ ವ್ಯಾಪಾರಿಗಳು, ಒಬ್ಬ ಜಂಗಮ, ಒಬ್ಬ ಮುಸಲ್ಮಾನ. ಐದೂ ಮಂದಿ ಹೂಳುವವರು. ಕಟ್ಟಿಗೆಯ ನಿಯಮ ಬರೆಯುವಾಗ ಒಲೆ ನೆನಪಾಗಿತ್ತು, ಇದ್ದಿಲು ನೆನಪಾಗಿತ್ತು, ಬಂಡಿಯ ಗಾಲಿ ಕೂಡ ನೆನಪಾಗಿತ್ತು. ಚಿತೆ ಎಂಬುದೊಂದಿದೆ ಎಂದು ಒಬ್ಬರಿಗೂ ಹೊಳೆದಿರಲಿಲ್ಲ.

"ನಾಳೆ ನಾ ಸತ್ರ, ಜಾಗಾ ಇಲ್ಲ, ಸುಟ್ಟಬಿಡ್ರಿ ಅಂತ ಯಾರರೆ ನಿಮಗ ಅಂದ್ರ?" ಎಂದು ಕೇಳಿದಳು ದಾನವ್ವ. "ಬೂದೀನ ಬೆಳ್ಳಿ ಭರಣ್ಯಾಗ ಹಾಕಿ ಕೊಡ್ತೇವಿ ಅಂದ್ರ?"

ನೀಲಕಂಠಪ್ಪನವರು ಎದ್ದು ನಿಂತರು. ಲಿಂಗ ಕಟ್ಟಿದ ಮೈಯನ್ನು ಸುಡುವುದೇ! ಆ ಕ್ಷಣದಲ್ಲಿ ತಾವು ಯಮನಪ್ಪನಿಗೆ ಏನು ಹೇಳಿ ಕಳಿಸಿದೆವು ಎಂಬುದು ಅವರಿಗೆ ತಿಳಿಯಿತು. ರುಮಾಲು ಕೂಡ ಸುತ್ತಿಕೊಳ್ಳದೆ, ಕೊಡೆ ಹಿಡಿದು ಓಡಿದರು. ಸಾಹೇಬ ನೋಡಲಿ, ಉಡಚಪ್ಪ ಕುಣಿಯಲಿ, ಬಿದ್ದ ಮತ್ತಿ ಅವಳದೇ.

ಆದರೆ ಯಮನಪ್ಪ ದಾಟಿ ಹೋದ ಹಳ್ಳ ಇವರು ಬರುವಷ್ಟರಲ್ಲಿ ಇನ್ನೂ ಏರಿತ್ತು. ಹಗ್ಗ ಹಿಡಿದು ದಾಟುವ ವಯಸ್ಸು ಅವರದಲ್ಲ. ದಂಡೆಯಲ್ಲಿ ನಿಂತು ಯಮನಪ್ಪಾ, ಯಮನಪ್ಪಾ ಎಂದು ಕೂಗಿದರು. ನೀರಿನ ಸದ್ದಿನಲ್ಲಿ ಅವರ ದನಿ ಅವರಿಗೇ ಕೇಳಿಸಲಿಲ್ಲ. ನೀರು ಇಳಿದು, ಅವರು ದಾಟಿ, ಬೆಣಚಿಕೊಪ್ಪ ಮುಟ್ಟುವಾಗ ಸಂಜೆಯಾಗಿತ್ತು. ಗುಡ್ಡದ ಬುಡದಲ್ಲಿ, ಯಮನಪ್ಪನ ಹೊಲದ ಬದುವಿನಲ್ಲಿ ಹೊಸ ಮಣ್ಣಿನ ದಿಬ್ಬ ಮಳೆಗೆ ಕರಗುತ್ತಿತ್ತು.

ಹೊಳೆಯಪ್ಪ ಮನೆಯ ಸೂರಿನ ಕೆಳಗೆ, ಬರಿದಾದ ಒಂದು ಜಾಗದ ಪಕ್ಕ ಕೂತಿದ್ದ. ನೀಲಕಂಠಪ್ಪನವರು ಕೈಮುಗಿದು ನಿಂತರು. ಮುದುಕ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವರು ಅವತ್ತು ಊಟ ಮಾಡುತ್ತಿದ್ದರೇನೋ.

"ಇಲ್ಲೆ ಇತ್ತ್ರಿ ಆಕಿ ಕಟಗಿ," ಎಂದ ಹೊಳೆಯಪ್ಪ, ಆ ಜಾಗವನ್ನು ಕೈಯಿಂದ ಸವರುತ್ತ. "ನಮ್ಮಲ್ಲಿ ಹಿರ್‍ಯಾರ ಇದ್ದ ಮನ್ಯಾಗ ಬ್ಯಾಸಗಿಗೆ ಸೀಳಿ ಒಟ್ಟಿ ಇಡ್ತೇವ್ರಿ, ಮಳಿಗಾಲದಾಗ ಹೋದ್ರ ಇರಲಿ ಅಂತ. ಆಕೀನ ಸೀಳಿದ್ಲು, ತನ್ನದೂ ನಂದೂ. ನೀವು ಗಾಡಿ ಹೇರಿಸಿದ್ರೆಲ್ಲ, ಅದ."

"ಯಾಕ ಹೇಳಲಿಲ್ಲೋ ಯಪ್ಪಾ?" ಎಂದರು ನೀಲಕಂಠಪ್ಪನವರು. "ಅವತ್ತು ಕೇಳಿದ್ನೆಲ್ಲಾ!"

"ಜೀವಂತ ಇದ್ದವರ ಮುಂದ ಅದನ್ನ ಬಾಯಿಲೆ ಅನಬಾರದ್ರಿ," ಎಂದ ಮುದುಕ. "ಕಂಡವರಿಗೆ ತಿಳೀತೈತಿ ಅಂದ್ಕೊಂಡಿದ್ವಿ."

ಆ ಮೇಲಿನ ದಿನಗಳನ್ನು ಹೇಗೆ ಹೇಳಲಿ? ಸಾಹೇಬ ಬಂದ. ಮಳೆಯಲ್ಲಿ ಬೂಟು ಕೆಡುತ್ತವೆಂದು ಗುಡ್ಡ ಹತ್ತಲೇ ಇಲ್ಲ. ಬುಡದಲ್ಲಿ ನಿಂತು ಚಹಾ ಕುಡಿದು, ಅಡವಿ ಚೆನ್ನಾಗಿದೆ, ಮುಟ್ಟಬೇಕಾಗಿಲ್ಲ ಎಂದು ಬರೆದುಕೊಂಡು ಹೋದ. ಉಡಚಪ್ಪನ ಅರ್ಜಿ ಬಿದ್ದುಹೋಯಿತು. ಉಳಿದ ಪಂಚರು ಪೇಢೆ ಹಂಚಿದರು. ನೀಲಕಂಠಪ್ಪನವರ ಬಾಯಲ್ಲಿ ಪೇಢೆ ಮಣ್ಣಾಗಿ ಕೂತಿತು. ಬಿದ್ದ ಮತ್ತಿಯ ಮರ ಹಾಗೇ ಒಳಗೆ ಮಲಗಿತ್ತು. ಸಾಹೇಬ ಅದರ ಹತ್ತಿರವೂ ಸುಳಿದಿರಲಿಲ್ಲ.

ಬೆಳಗಿನ ಪೂಜೆಗೆ ಕೂತರೆ ಕೈಯಲ್ಲಿನ ಪತ್ರಿ ಅದೇ ಗುಡ್ಡದ್ದು. ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿದರೆ, ಮುದುಕನ ಕೈ ಬರಿನೆಲ ಸವರುವುದು ಕಾಣುತ್ತಿತ್ತು. ಬಸ್ಸಿನಲ್ಲಿ ಉಪದೇಶ ನಿಂತಿತು. ಹಿಂದಿನ ಡ್ರಮ್ಮಿನ ಹೊಗೆ ಒಳಗೆ ಬಂದಾಗ ಮಾತ್ರ ಹೊರಳಿ ನೋಡುತ್ತಿದ್ದರು. ಒಂದು ಚೀಲ ಜೋಳ ಕಳಿಸಿದರು. ಯಮನಪ್ಪ ಅದನ್ನು ತಲೆಯ ಮೇಲೆ ಹೊತ್ತು ತಂದು, "ನಮ್ಮಲ್ಲಿ ಜ್ವಾಳ ಅದಾವ್ರಿ," ಎಂದು ನಮ್ರತೆಯಿಂದ ಅಂಗಳದಲ್ಲಿಟ್ಟು ಹೋದ. ನಾನು ಸತ್ತರೆ ನನ್ನನ್ನೂ ಸುಟ್ಟುಬಿಡಿ ಎಂದು ಒಮ್ಮೆ ಹೆಂಡತಿಯ ಮುಂದೆ ಅತ್ತರು. ದಾನವ್ವ ಕನಿಕರಿಸಲಿಲ್ಲ. "ಅದರಾಗೂ ನಿಮ್ಮದ ದೊಡ್ಡಸ್ತಿಕಿ," ಎಂದಳು. "ಆಕಿಗೇನ್ ಬರತೈತಿ ಅದರಿಂದ?"

ಅವರನ್ನು ಹೆಚ್ಚು ಸುಟ್ಟದ್ದು ಮತ್ತೊಂದು. ಬೆಣಚಿಕೊಪ್ಪದವರು ಗುಡ್ಡವನ್ನು ಕಾಯುವುದು ನಿಲ್ಲಿಸಲಿಲ್ಲ. ಒಬ್ಬನಾದರೂ ಸೇಡಿಗೆ ಒಂದು ಮರ ಕಡಿದಿದ್ದರೆ, ಒಂದು ಟೊಂಗೆ ಮುರಿದಿದ್ದರೆ, ನೀಲಕಂಠಪ್ಪನವರು ಉಸಿರು ಬಿಡುತ್ತಿದ್ದರು. ಹುಡುಕಿಕೊಂಡು ಗುಡ್ಡ ಸುತ್ತುತ್ತಿದ್ದರು, ಒಂದು ಕೊಡಲಿ ಏಟಿಗಾಗಿ. ಸಿಗಲಿಲ್ಲ. ಕರೆಮ್ಮನ ಮುಂದಿನ ಕೊಡಲಿಗಳು ತುಕ್ಕು ಹಿಡಿಯುತ್ತ ಇದ್ದಲ್ಲೇ ಇದ್ದವು.

ಕಡೆಗೆ ಪಂಚರನ್ನು ಕೂಡಿಸಿ, ಬಿದ್ದ ಮರವನ್ನು ಚಿತೆಗೆ ಕೊಡುವ ನಿಯಮ ಸೇರಿಸಬೇಕು ಎಂದರು. ಗುರುಸಿದ್ದಯ್ಯ ಮುಖ ಸಿಂಡರಿಸಿದರು. "ಒಂದು ಬಾಗಲಾ ತಗದ್ರ ಎಲ್ಲಾರೂ ಹೊಗತಾರ," ಎಂದರು. "ಉಡಚಪ್ಪ ದಿನಾ ಒಂದೊಂದು ಹೆಣಾ ಹುಟ್ಟಸ್ತಾನ."

ಶರೀಫಸಾಬ ಗಡ್ಡ ನೀವಿಕೊಂಡರು. "ಅಯ್ಯನವರ, ನಿಮಗೂ ನನಗೂ ಆರು ಮೊಳ ಮಣ್ಣ ಸಾಕು. ಅದಕ್ಕ ಅವತ್ತು ಯಾರಿಗೂ ಹೊಳೀಲಿಲ್ಲ. ಹೊಳದ ಮ್ಯಾಲೂ ಮಾಡಲಿಲ್ಲಂದ್ರ ನಾ ಈ ಪಂಚಕಿ ಬಿಟ್ಟೆ," ಎಂದರು. ಗುರುಸಿದ್ದಯ್ಯ ಲೇಖನಿಯನ್ನು ಮಸಿಗೆ ಅದ್ದಿ ಬರೆದರು. ಬಿದ್ದು ಒಣಗಿದ ಮರ ಬೆಣಚಿಕೊಪ್ಪದ ಸತ್ತವರಿಗೆ, ಯಾರ ಅಪ್ಪಣೆಯೂ ಬೇಡ.

ಗುಡ್ಡದ ಬುಡದಲ್ಲಿ ನೀಲಕಂಠಪ್ಪನವರು ಹಂಚಿನ ಒಂದು ಛಪ್ಪರ ಹಾಕಿಸಿದರು. ಬಿದ್ದ ಆ ಮತ್ತಿಯನ್ನು ಸೀಳಿಸಿ, ಸತ್ಯವ್ವನ ಸೂರಿನಡಿ ಕಂಡಂತೆಯೇ ಒತ್ತಾಗಿ ಒಟ್ಟಿಸಿದರು. ರವಿವಾರಕ್ಕೊಮ್ಮೆ ಹೋಗಿ ಗೆದ್ದಲು ಹತ್ತಿದೆಯೇ, ಹಂಚು ಸೋರಿದೆಯೇ ಎಂದು ತಾವೇ ನೋಡುತ್ತಿದ್ದರು. ಆ ಹಳ್ಳಿಯಲ್ಲಿ ಒಬ್ಬರು ಸತ್ತು ಆ ಕಟ್ಟಿಗೆ ಉರಿಯಬೇಕು, ಆಗ ತಮ್ಮ ಎದೆಯ ಭಾರ ಇಳಿಯುತ್ತದೆ ಎಂದು ಅವರ ಮನಸ್ಸು ಒಳಗೊಳಗೇ ಕಾಯುತ್ತಿತ್ತು. ಸಾವನ್ನು ಕಾಯುವುದು ಎಂಥ ನೀಚತನ ಎಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದರು, ಮತ್ತೆ ಕಾಯುತ್ತಿದ್ದರು.

ಮರುವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ಸುದ್ದಿ ಬಂತು. ಶರೀಫಸಾಬರ ಹುಣಸೆ ಗಾಡಿಯವನು ಆ ಕಡೆಯಿಂದ ಬಂದವನು ಹೇಳಿದ: ಹೊಳೆಯಪ್ಪ ಹೋದ.

ಮೊದಲು ನೀಲಕಂಠಪ್ಪನವರಿಗೆ ಆದದ್ದು ಸಮಾಧಾನ. ದುಃಖ ಆಮೇಲೆ ಬಂತು, ನಾಚಿಕೆ ಅದರ ಹಿಂದೆ. ಅದೇ ಗಾಡಿ ಹತ್ತಿ ಹೊರಟರು. ಬಿಸಿಲು ಚೆನ್ನಾಗಿತ್ತು, ಹಳ್ಳ ಮೊಳಕಾಲುದ್ದ ಹರಿಯುತ್ತಿತ್ತು, ದಾಟಲು ಏನೂ ಅಡ್ಡಿಯಾಗಲಿಲ್ಲ. ಛಪ್ಪರದ ಮುಂದೆ ಗಾಡಿ ನಿಲ್ಲಿಸಿ, ಬೇಡವೆಂದರೂ ಕೇಳದೆ, ಗಾಡಿಯವನ ಜೊತೆ ತಾವೂ ಕಟ್ಟಿಗೆ ಹೇರಿದರು. ಅಂಗೈಗೆ ಸಿಬಿರು ಹೊಕ್ಕು ರಕ್ತ ಬಂತು. ಅದು ಅವರಿಗೆ ಹಿತವೆನಿಸಿತು.

ಯಮನಪ್ಪನ ಮನೆಯ ಮುಂದೆ ಹೆಂಗಸರು ಅಳುತ್ತ ಕೂತಿದ್ದರು. ಗಂಡಸರು ಹೊಲದ ಬದುವಿನಲ್ಲಿದ್ದರು. ಗಾಡಿ ಅಲ್ಲಿಗೆ ಹೋಗಿ ನಿಂತಿತು. ಸತ್ಯವ್ವನ ದಿಬ್ಬದ ಮಗ್ಗುಲಿಗೆ ಯಮನಪ್ಪ ಸೊಂಟದ ತನಕ ಕುಣಿಯಲ್ಲಿ ಇಳಿದು ಅಗೆಯುತ್ತಿದ್ದ.

ನೀಲಕಂಠಪ್ಪನವರಿಗೆ ಏನೂ ತಿಳಿಯಲಿಲ್ಲ. "ಯಮನಪ್ಪಾ, ಕಟಗಿ ತಂದೇನಿ," ಎಂದರು.

"ನೋಡಿದ್ನಿರಿ," ಎಂದ ಯಮನಪ್ಪ.

"ಪಂಚರೆಲ್ಲಾ ಒಪ್ಪ್ಯಾರ. ಬರದೈತಿ. ಇದು ನಿಮ್ಮದ. ಯಾರನ್ನೂ ಕೇಳೂದು ಬ್ಯಾಡ."

"ಗೊತ್ತೈತ್ರಿ. ಅ‌ಪ್ಪಗೂ ಗೊತ್ತಿತ್ತು. ಛಪ್ಪರಾ ನೋಡಿ ಬಂದಿದ್ದ." ಯಮನಪ್ಪ ಗುದ್ದಲಿ ಊರಿ ನಿಂತ. "ಅವನ ಬ್ಯಾಡಂದಾನ್ರಿ. ನಿಮ್ಮವ್ವ ಒಬ್ಬಾಕಿನ ಮಣ್ಣಾಗ ಅದಾಳ, ನನ್ನ ಸುಟ್ಟು ಹೊಳಿಗೆ ಬಿಟ್ರ ನಾ ಎಲ್ಲೋ, ಆಕಿ ಎಲ್ಲೋ. ಆಕಿ ಮಗ್ಗಲಕ ಇಡು ಅಂದ. ಮುಂದ ನಾನೂ ಇಲ್ಲೇರಿ. ಆಕಿನ್ನ ಬಿಟ್ಟು ನಮ್ಮ ಮನಿಯವರು ಇನ್ನ ಯಾರೂ ಹೋಗೂ ಹಂಗಿಲ್ಲ."

ನೀಲಕಂಠಪ್ಪನವರು ಗಾಡಿಯ ಗಾಲಿ ಹಿಡಿದುಕೊಂಡರು. ಒಂದು ಮನೆತನ ಅಜ್ಜಮುತ್ತಜ್ಜರಿಂದ ನಡೆದ ದಾರಿಯನ್ನು ಬಿಟ್ಟು ಹೊರಳಿತ್ತು. ಹೊರಳಿಸಿದ್ದು ಪಡಸಾಲೆಯಲ್ಲಿ ಕೂತು ತಾವಾಡಿದ ಒಂದು ಮಾತು.

"ಸಿಟ್ಟಿಲೆ ಹೇಳಾಕತ್ತಿಲ್ರಿ," ಎಂದ ಯಮನಪ್ಪ, ಅವರ ಮುಖ ನೋಡಿ. "ಕಟಗಿ ಛಪ್ಪರದಾಗ ಇರಲಿ, ಮತ್ತೊಬ್ಬರಿಗೆ ಬೇಕಾಗತೈತಿ." ಆಮೇಲೆ ದನಿ ತಗ್ಗಿಸಿದ. "ನೀವು ಬಂದದ್ದು ಛಲೋ ಆತು. ನಮಗ ಇದು ರೂಢಿ ಇಲ್ಲ. ಅವ್ವನ ಮುಂದನೂ ಏನೂ ತಿಳೀಲಿಲ್ಲ. ಎಷ್ಟು ಆಳ ತಗೀಬೇಕು, ಹ್ಯಾಂಗ ಇಡಬೇಕು, ಮಣ್ಣ ಯಾರು ಮೊದಲ ಹಾಕಬೇಕು, ನೀವು ಹೇಳ್ರಿ. ನಿಮಗ ಗೊತ್ತೈತಿ."

ನೀಲಕಂಠಪ್ಪನವರು ಶಲ್ಯ ತೆಗೆದು ಗಾಡಿಯ ಮೇಲೆ ಹಾಕಿ, ಯಮನಪ್ಪನ ಕೈ ಹಿಡಿದು ಕುಣಿಯೊಳಗೆ ಇಳಿದರು. ಇನ್ನೂ ಒಂದು ಮೊಳ ಆಳ ಬೇಕೆಂದರು. ತಮ್ಮವರಲ್ಲಿ ಕೂಡ್ರಿಸಿ ಇಡುತ್ತಾರೆ, ಸತ್ಯವ್ವನನ್ನು ಹೇಗೆ ಇಟ್ಟಿರಿ ಎಂದು ಕೇಳಿದರು.

"ಮಲಗಿಸಿದ್ವಿರಿ. ಚಿತಿ ಮ್ಯಾಲ ಮಲಗಿಸಿದಂಗ."

"ಹಂಗಾದ್ರ ಇವನ್ನೂ ಮಲಗಸೂಣು. ಆಕಿ ತಲಿ ಯಾವ ಕಡೆ ಐತಿ? ಹಂಗ ಜೋಡಿ ಆಗ್ಲಿ."

ಯಮನಪ್ಪ ಪಕ್ಕದ ದಿಬ್ಬ ನೋಡಿದ. ಮೇಲೆ ನಿಂತವರ ಮುಖ ನೋಡಿದ. ಅವರೂ ಒಬ್ಬರನ್ನೊಬ್ಬರು ನೋಡಿದರು.

"ನೆನಪಿಲ್ರಿ," ಎಂದ. "ಮಳಿ ಭಾಳ ಇತ್ತು. ಲಗೂ ಲಗೂ ಮುಚ್ಚಿದ್ವಿ. ದಿಬ್ಬಾನೂ ಅವತ್ತ ಹರಕೊಂಡು ಹೋತು. ಆಮ್ಯಾಲ ಅಂದಾಜಿಲೆ ಮಣ್ಣ ಏರಿಸಿದ್ವಿ."

ನೀಲಕಂಠಪ್ಪನವರು ಬಗ್ಗಿ, ಕುಣಿಯ ಆ ಬದಿಯ ಗೋಡೆಗೆ ಅಂಗೈ ಊರಿದರು. ಮಣ್ಣು ತಂಪಾಗಿತ್ತು. ಅದರಾಚೆ ಎಲ್ಲೋ ಅವಳಿದ್ದಳು. ಯಮನಪ್ಪ ಗುದ್ದಲಿ ಹಿಡಿದು, ಅವರು ಹೇಳುವುದನ್ನು ಕಾಯುತ್ತ ನಿಂತಿದ್ದ.